ಕಡಲ ರಕ್ಷಣೆಯಲ್ಲಿ ಪ್ರಜೆಗಳ ಪಾಲು

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನಲ್ಲಿ ಅಪ್ಸರಕೊಂಡ, ಮುಗಳಿ ಮೊದಲಾದ ಸ್ಥಳಗಳ ದಂಡೆಯನ್ನೂ ಅವುಗಳ ಎದುರಿನ ಸಮುದ್ರವನ್ನೂ ಸೇರಿಸಿ ರಾಜ್ಯ ಸರಕಾರವು 2023ರಲ್ಲಿ ಕಡಲ ವನ್ಯಜೀವಿಧಾಮವೊಂದನ್ನು ಘೋಷಿಸಿತು. ಕರ್ನಾಟಕಕ್ಕೆ ಇಂಥದು ಇದೇ ಮೊದಲನೆಯದು. ಇದರ ವಿಸ್ತಾರವು ಸುಮಾರು 5,960 ಹೆಕ್ಟೇರು. ಅದರಲ್ಲಿ 5,000 ಹೆಕ್ಟೇರಿಗೂ ಮಿಕ್ಕಿದ್ದು ಬರಿಯ ನೀರು. ದಂಡೆಯಿಂದ ಸುಮಾರು 6 ಕಿಲೋಮೀಟರು ದೂರದವರೆಗೆ ಇದರ ಎಲ್ಲೆಯು ಹೋಗುತ್ತದೆ. ಕಡಲಾಮೆಗಳು ಮೊಟ್ಟೆಯಿಡಲು ಬರುವ ಮರಳುದಂಡೆಯುಳ್ಳ, ಶರಾವತಿಯು ಬಂದು ಸೇರುವ, ಮೀನಿನ ಮರಿಗಳು ಬೆಳೆಯುವ ಇಂಥ ಕಡಲಭಾಗಕ್ಕೆ ರಕ್ಷಣೆಯು ಅವಶ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಈ ಕಾರ್ಯವನ್ನು ಕೈಗೊಂಡುದಕ್ಕಾಗಿ ಸರಕಾರವನ್ನು ಅಭಿನಂದಿಸಲು ನಾವು ಹಿಂಜರಿಯುವುದೂ ಇಲ್ಲ. ಆದರೆ ಧಾಮವೆಂದು ಬರೆದ ಕಾಗದವು ಬೇರೆ, ಧಾಮವು ಬೇರೆ. ಈ ನೀರಿನ ಕಾರಭಾರದಲ್ಲಿ ಅಲ್ಲಿಯ ದೋಣಿಕಾರನಿಗೂ ಮೀನು ಮಾರುವ ಹೆಂಗಸಿಗೂ ಯಾವ ಸ್ಥಾನವಿರಬೇಕು ಎಂಬ ಪ್ರಶ್ನೆಯೊಂದನ್ನೇ ನಾವು ಇಂದು ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ನಮ್ಮ ವಾಚಕರಲ್ಲಿ ಬಹುಜನರು ಪಟ್ಟಣವಾಸಿಗಳು. ಅಧಿಕಾರದಲ್ಲಿರುವ ಮಹನೀಯರೂ ಅನೇಕರಿದ್ದಾರೆ. ಸಮುದ್ರವೆಂದರೆ ಸಾಯಂಕಾಲದ ಗಾಳಿ, ಸೂರ್ಯಾಸ್ತ, ಮಕ್ಕಳಿಗೆ ಎರಡು ಗಳಿಗೆಯ ಆಟ. ದೋಣಿಕಾರನಿಗೆ ಅದು ಹಾಗಲ್ಲ. ದಂಡೆಯಿಂದ ಈ ಐದಾರು ಕಿಲೋಮೀಟರಿನ ನೀರೇ ನಾಡದೋಣಿಯವನ ಹೊಲ, ಗದ್ದೆ, ತೋಟ ಎಲ್ಲವೂ. ಎಲ್ಲಿ ಎಷ್ಟು ಮಾರು ನೀರಿದೆ, ಎಲ್ಲಿ ಕಲ್ಲು, ಎಲ್ಲಿ ಕೆಸರು, ತಾರಲೆಯು ಯಾವ ಗಾಳಿಗೆ ದಂಡೆಯ ಹತ್ತಿರ ಬರುವುದು, ಬಂಗಡೆಯು ಯಾವಾಗ ತಿರುಗುವುದು ಎಂಬುದನ್ನು ಅವನು ತಂದೆಯಿಂದ ಕಲಿತಿದ್ದಾನೆ. ನೀರಿನ ಮೇಲೆ ಗುರುತು ನಿಲ್ಲುವುದಿಲ್ಲವಾದುದರಿಂದ ಗುಡ್ಡದ ಒಂದು ಕೊಡಿಯನ್ನೂ ದಂಡೆಯ ಒಂದು ಮರವನ್ನೂ ಒಂದೇ ಗೆರೆಗೆ ತಂದು, ಇಲ್ಲಿಯೇ ಬಲೆ ಬಿಡಬೇಕೆಂದು ಅವನು ಹೇಳಬಲ್ಲನು. ಯಂತ್ರದ ದೋಣಿಯವರು ಹೆಚ್ಚು ದೂರ ಹೋಗಬಲ್ಲರು. ಹುಟ್ಟು ಹಾಕುವವನಾಗಲಿ, ಸಣ್ಣ ಯಂತ್ರವನ್ನು ಕಟ್ಟಿಕೊಂಡವನಾಗಲಿ ದೂರ ಹೋಗಲಾರನು. ಅರ್ಥಾತ್, ಧಾಮದ ಗೆರೆಯು ಬಿದ್ದುದು ಬಡವನ ಹೊಲದ ಮೇಲೆ.

ಈ ಹೊಲಕ್ಕೆ ಪಹಣಿಯಿಲ್ಲ, ಸರ್ವೆ ನಂಬರಿಲ್ಲ. ಕಾಯಿದೆಯು ಇವನನ್ನು ಹೇಗೆ ಕಾಣುತ್ತದೆಂಬುದನ್ನು ನೋಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡನ್ನು ಕಣ್ಣಮುಂದಿಟ್ಟುಕೊಂಡು ರಚಿತವಾದದ್ದು. ನೆಲದ ಮೇಲೆ ಧಾಮವನ್ನು ಮಾಡಬೇಕಾದರೆ ಆ ಭೂಮಿಯಲ್ಲಿ ಯಾರಿಗೆ ಯಾವ ಹಕ್ಕುಗಳಿವೆಯೆಂದು ಜಿಲ್ಲಾಧಿಕಾರಿಯು ವಿಚಾರಣೆ ನಡೆಸಬೇಕು. ಸುತ್ತಲಿನ ಊರೂರಿನಲ್ಲಿಯೂ ದೇಶಭಾಷೆಯಲ್ಲಿ ಪ್ರಕಟಣೆ ಹೊರಡಿಸಬೇಕು. ಹಕ್ಕುದಾರರಿಗೆ ಎರಡು ತಿಂಗಳ ಅವಧಿಯನ್ನು ಕೊಡಬೇಕು. ಸಮುದ್ರಕ್ಕೆ ಬಂದಾಗ ಮಾತು ಬದಲಾಗುತ್ತದೆ. 1991ರಲ್ಲಿ ಸೇರಿಸಿದ 26ಎ ಕಲಮಿನ ಪ್ರಕಾರ ಕಾದಿಟ್ಟ ಅರಣ್ಯವನ್ನು ನೇರವಾಗಿ ಧಾಮವೆಂದು ಸಾರಬಹುದಾದಂತೆ ಪ್ರಾದೇಶಿಕ ಸಮುದ್ರದ ಭಾಗವನ್ನೂ ಸಾರಬಹುದು. ಕೇಂದ್ರ ಸರಕಾರದ ಒಪ್ಪಿಗೆಯೊಂದು ಮೊದಲು ದೊರೆತಿರಬೇಕು. ಇಲ್ಲಿ ಒಂದು ಸೂಕ್ಷ್ಮವುಂಟು. ಕಾದಿಟ್ಟ ಅರಣ್ಯದಲ್ಲಿ ಹಕ್ಕುಗಳ ವಿಚಾರಣೆಯು, ಸರಿಯೋ ತಪ್ಪೋ, ಹಿಂದೊಮ್ಮೆ ಆಗಿಹೋಗಿರುತ್ತದೆ. ನೀರಿನಲ್ಲಿ ಅಂಥ ವಿಚಾರಣೆಯು ಎಂದೂ ನಡೆದಿಲ್ಲ. ಆದರೂ ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದ್ದಾರೆ; ನೀರಿನಲ್ಲಿ ಯಾರ ಹಕ್ಕೂ ಇಲ್ಲವೆಂಬುದು ಸ್ವತಃಸಿದ್ಧವೋ ಎಂಬಂತೆ!

ಮೀನುಗಾರನ ಪಾಲಿಗೆ ಈ ಕಲಮಿನಲ್ಲಿ ಉಳಿದಿರುವುದು ಒಂದೇ ಒಂದು ತುಂಡು ಮಾತು. ಸ್ಥಳೀಯ ಮೀನುಗಾರರ ವೃತ್ತಿಯ ಹಿತವನ್ನು ಕಾಯಲು ತಕ್ಕಷ್ಟು ಕ್ರಮಗಳನ್ನು ಕೈಗೊಂಡ ನಂತರವೇ ಧಾಮದಲ್ಲಿ ಸೇರುವ ನೀರಿನ ಎಲ್ಲೆಯನ್ನು ಗೊತ್ತುಮಾಡತಕ್ಕದ್ದೆಂದು ಅದು ಹೇಳುತ್ತದೆ. ಇದು ದಯೆಯ ಮಾತಲ್ಲ, ವಿಧಿ. ಆದರೆ ತಕ್ಕಷ್ಟು ಎಂದರೆ ಎಷ್ಟು? ಅದನ್ನು ಹೇಳುವವರು ಯಾರು? ಮೀನುಗಾರನನ್ನು ಕೇಳದೆಯೇ ಅವನ ಹಿತವು ರಕ್ಷಿತವಾಯಿತೆಂದು ಕಚೇರಿಯಲ್ಲಿ ಕುಳಿತು ಬರೆಯುವುದು ಸಾಧ್ಯವೇ? ಸಾಧ್ಯವೆಂದು ಹೇಳುವ ಅಧಿಕಾರಿಗಳು ಇದ್ದಾರು. ಅವರೊಡನೆ ನಮಗೆ ಸಹಮತವಿಲ್ಲ.

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಊರಿನಲ್ಲಿ, ಬೇರೊಂದು ಯೋಜನೆಯ ನಿಮಿತ್ತ ಕರೆದ ಅಹವಾಲುಸಭೆಗೆ ನಾವು ಹೋಗಿದ್ದೆವು. ಸಭೆಯು ಮುಂಜಾನೆ ಹನ್ನೊಂದಕ್ಕೆ, ಅಕ್ಟೋಬರ ತಿಂಗಳಿನಲ್ಲಿ. ಬಂಗಡೆಯು ಬರುವ ಕಾಲ. ದುಡಿಯುವ ಗಂಡಸರೆಲ್ಲರೂ ನೀರಿನ ಮೇಲೆ. ಹೆಂಗಸರೆಲ್ಲರೂ ಬುಟ್ಟಿ ಹೊತ್ತು ಪೇಟೆಯಲ್ಲಿ. ಪೆಂಡಾಲಿನಲ್ಲಿ ಇದ್ದವರು ಅಧಿಕಾರಿಗಳು, ಗುತ್ತಿಗೆದಾರರು, ನಮ್ಮಂಥ ಪತ್ರಿಕೆಯವರು ಹಾಗೂ ದೋಣಿಯೇರಲು ಆಗದ ನಾಲ್ಕಾರು ಮುದುಕರು. ವರದಿಯು ಇಂಗ್ಲಿಷಿನಲ್ಲಿತ್ತು. ಗೋಡೆಗೆ ಹಚ್ಚಿದ ನಕ್ಷೆಯಲ್ಲಿ ಅಕ್ಷಾಂಶ ರೇಖಾಂಶಗಳ ಅಂಕಿಗಳು ದಶಾಂಶದ ಆರನೆಯ ಸ್ಥಾನದವರೆಗೆ ಇದ್ದವು. ಮುದುಕನೊಬ್ಬನು ಬಹಳ ಹೊತ್ತು ಅದನ್ನು ನೋಡಿ, “ಸಾಹೇಬ್ರೇ, ಈ ಗೆರೆ ಎಷ್ಟು ಮಾರು ನೀರಿನಲ್ಲಿ ಹೋಗುತ್ತದೆ?” ಎಂದು ಕೇಳಿದನು. ಅಲ್ಲಿದ್ದ ಯಾವ ಅಧಿಕಾರಿಗೂ ಉತ್ತರವು ತಿಳಿದಿರಲಿಲ್ಲ. “ಆ ವಿವರವು ಅನುಬಂಧದಲ್ಲಿದೆ” ಎಂದು ಒಬ್ಬರು ಹೇಳಿದರು, ಮುದುಕನು ಕುಳಿತುಕೊಂಡನು. ಸಾರ್ವಜನಿಕರ ಅಭಿಪ್ರಾಯವನ್ನು ಪಡೆಯಲಾಯಿತೆಂದು ಕಡತದಲ್ಲಿ ಸೇರಿರಬೇಕು. ಸಭೆಯ ಕೊನೆಯಲ್ಲಿ ಚಹವನ್ನು ಮಾತ್ರ ಎಲ್ಲರಿಗೂ ಸಮನಾಗಿ ಕೊಟ್ಟರೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅಧಿಕಾರಿವರ್ಗವು ಇದಕ್ಕೆ ಒಂದು ಉತ್ತರವನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತದೆ: ಕಡಲನ್ನು ಬರಿದು ಮಾಡಿದವರೇ ಮೀನುಗಾರರು, ಕಳ್ಳನ ಕೈಗೆ ಕೀಲಿಕೈಯನ್ನು ಕೊಡಬೇಕೇ ಎಂದು. ಈ ಮಾತಿನಲ್ಲಿ ಸತ್ಯವು ಲೇಶವೂ ಇಲ್ಲವೆಂದು ನಾವು ವಾದಿಸುವುದಿಲ್ಲ. ಕತ್ತಲೆಯಲ್ಲಿ ಪ್ರಖರವಾದ ದೀಪಗಳನ್ನು ಉರಿಸಿ ಮೀನುಗಳನ್ನು ಒಟ್ಟುಗೂಡಿಸಿ ಬಾಚುವುದನ್ನೂ, ಎರಡು ದೋಣಿಗಳು ಸೇರಿ ತಳವನ್ನು ಗೋರುವುದನ್ನೂ ಕೇಂದ್ರ ಸರಕಾರವು 2017ರಲ್ಲಿ ನಿಷೇಧಿಸಿದರೂ ಇವು ನಿಂತಿಲ್ಲವೆಂದು ಮೀನುಗಾರರೇ ದೂರುತ್ತಿದ್ದಾರೆ. ಬೆರಳು ತೂರದಷ್ಟು ಸಣ್ಣ ಕಣ್ಣಿನ ಬಲೆಯಲ್ಲಿ ಮರಿಮೀನನ್ನು ಹಿಡಿದು, ಮನುಷ್ಯರ ಊಟಕ್ಕಲ್ಲ, ಮೀನುಹುಡಿಯ ಕಾರಖಾನೆಗಳಿಗೆ ಕಳಿಸುವ ವ್ಯಾಪಾರವು ನಮ್ಮ ಕರಾವಳಿಗೆ ಕೀರ್ತಿಯನ್ನು ತರುವಂಥದಲ್ಲ. ಆದರೆ ‘ಮೀನುಗಾರ’ ಎಂಬ ಒಂದೇ ಹೆಸರಿನಡಿಯಲ್ಲಿ ಲಕ್ಷಾವಧಿ ಬಂಡವಾಳ ಹಾಕಿದ ದೋಣಿಯ ಒಡೆಯನನ್ನೂ ಪಾತಿದೋಣಿಯ ಹರಿಕಾಂತನನ್ನೂ ಕಟ್ಟಿಹಾಕುವುದು ನ್ಯಾಯವಲ್ಲ.

ರಂಪಣಿಯ ಕಥೆಯನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. ದಂಡೆಯ ಮೇಲೆ ಹತ್ತಾರು ಜನರು ಎರಡು ಕಡೆಯಿಂದ ಹಗ್ಗವನ್ನು ಹಿಡಿದೆಳೆಯುತ್ತಿದ್ದ ಆ ದೊಡ್ಡ ಬಲೆಯು ಒಬ್ಬನ ಸೊತ್ತಿನಂತೆ ನಡೆಯುತ್ತಿರಲಿಲ್ಲ. ಅದೊಂದು ಊರಿನ ಸಂಸ್ಥೆ. ಬಲೆಗೆ ಇಷ್ಟು ಪಾಲು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂಬ ಕಟ್ಟಳೆಯಿತ್ತು. ಯಾರ ಬಲೆ ಎಲ್ಲಿ ಬೀಳಬೇಕೆಂಬುದಕ್ಕೂ ಕಟ್ಟಳೆಯಿತ್ತು. ಮೀನು ತಾನಾಗಿ ದಂಡೆಗೆ ಬರಬೇಕು. ಬಾರದಿದ್ದರೆ ಬಲೆಯು ಒಣಗುತ್ತಿತ್ತು, ಮೀನು ಉಳಿಯುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದವು. ದಂಡೆಗೆ ಬರುವ ಮುನ್ನವೇ ಮೀನಿನ ಹಿಂಡನ್ನು ನಡುನೀರಿನಲ್ಲಿ ಸುತ್ತುವರಿದು ಎತ್ತತೊಡಗಿದವು. ರಂಪಣಿಯವರು ಕೂಗಿಕೊಂಡರು, ಜಗಳಗಳಾದವು, ಕೆಲವೇ ವರ್ಷಗಳಲ್ಲಿ ರಂಪಣಿಯು ಮೂಲೆಗೆ ಬಿದ್ದಿತು. ಯಂತ್ರದೋಣಿಗಳಿಗೆ ಸಾಲವನ್ನೂ ಸಹಾಯಧನವನ್ನೂ ಒದಗಿಸಿ ಅದನ್ನು ಪ್ರಗತಿಯೆಂದು ಕರೆದವರು ಸರಕಾರದವರೇ ಹೊರತು ದಂಡೆಯ ಮೇಲೆ ಹಗ್ಗ ಹಿಡಿದವರಲ್ಲ. ಇಂದು ಕಡಲು ಬರಿದಾಯಿತೆಂದು ಅದೇ ಹಗ್ಗ ಹಿಡಿದವನ ಮೊಮ್ಮಗನಿಗೆ ಸಂಯಮದ ಪಾಠವನ್ನು ಹೇಳಹೊರಟರೆ ಅವನು ಕೇಳುವನೇ?

ಸಂಯಮವು ಅವರಿಗೆ ಹೊಸದೂ ಅಲ್ಲ. ಮಳೆಗಾಲದ ಕಡಲಿಗೆ ವಿಶ್ರಾಂತಿ ಕೊಟ್ಟು, ನೂಲಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿಯನ್ನು ಅರ್ಪಿಸಿ, ಆ ಮೇಲೆ ದೋಣಿಯಿಳಿಸುವ ರೂಢಿಯನ್ನು ಯಾವ ಇಲಾಖೆಯೂ ಸುತ್ತೋಲೆ ಹೊರಡಿಸಿ ಕಲಿಸಲಿಲ್ಲ. ಇಂದಿನ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಂತ್ರದೋಣಿ ನಿಷೇಧವು ಆ ಹಳೆಯ ರೂಢಿಯ ಸರಕಾರಿ ಮೊಮ್ಮಗು. ಈ ನಿಷೇಧವು ಬಹುಮಟ್ಟಿಗೆ ಪಾಲಿಸಲ್ಪಡುತ್ತಿದೆಯೆಂದರೆ ಅದು ಜನರ ಮನಸ್ಸಿಗೆ ಮೊದಲೇ ಒಪ್ಪಿಗೆಯಾದದ್ದರಿಂದಲೇ ಎಂದು ನಾವು ತಿಳಿಯುತ್ತೇವೆ.

ಪ್ರಜೆಗಳ ಕೈಯಲ್ಲಿ ರಕ್ಷಣೆಯನ್ನಿಟ್ಟರೆ ಏನಾಗುವುದು, ಇಡದಿದ್ದರೆ ಏನಾಗುವುದು ಎಂಬುದಕ್ಕೆ ಫಿಲಿಪ್ಪೀನ್ಸ್ ದೇಶದ ಎರಡು ಚಿಕ್ಕ ದ್ವೀಪಗಳು ನಮಗೆ ಎದುರುಬದುರಾಗಿ ಸಾಕ್ಷಿ ನುಡಿಯುತ್ತವೆ. ಆಂಜೆಲ್ ಅಲ್ಕಾಲಾ ಎಂಬ ಜೀವಶಾಸ್ತ್ರಜ್ಞರು ಆ ದೇಶದ ಸಿಲಿಮನ್ ವಿಶ್ವವಿದ್ಯಾಲಯದಲ್ಲಿದ್ದರು. 1992ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯು ಬಂದಿತು, 2023ರಲ್ಲಿ ಅವರು ತೀರಿಕೊಂಡರು. 1974ರಲ್ಲಿ ಅವರೂ ಅವರ ವಿಶ್ವವಿದ್ಯಾಲಯವೂ ಸುಮಿಲೋನ್ ಎಂಬ ದ್ವೀಪದ ಹವಳದಿಬ್ಬದ ಒಂದು ಭಾಗದಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿ ಕಾವಲು ಹಾಕಿದರು. ಹತ್ತು ವರ್ಷಗಳಲ್ಲಿ ಮೀನುಗಳು ದಟ್ಟವಾದವು; ಕಾವಲಿನ ಹೊರಗೆ ಹಿಡಿಯುವವರಿಗೂ ಒಳ್ಳೆಯ ಹಿಡಿತವು ಸಿಗುತ್ತಿತ್ತು. ಆದರೆ ಕಾವಲು ವಿಶ್ವವಿದ್ಯಾಲಯದ್ದು. ಆಸುಪಾಸಿನ ಊರಿನ ರಾಜಕಾರಣವು ಅದನ್ನು ತನ್ನದೆಂದು ಒಪ್ಪಲಿಲ್ಲ. 1984ರಲ್ಲಿ ಕಾವಲು ಮುರಿಯಿತು, ಎಲ್ಲ ಬಗೆಯ ಬಲೆಗಳೂ ನುಗ್ಗಿದವು. ಎರಡು ವರ್ಷ ತುಂಬುವುದರೊಳಗೆ ಆ ದಿಬ್ಬದ ಒಟ್ಟು ಮೀನಿನ ಉತ್ಪನ್ನವು ಸುಮಾರು ಅರ್ಧಕ್ಕೆ ಇಳಿದುದನ್ನು ಅಲ್ಕಾಲಾ ಅವರು ತಮ್ಮ ಸಹೋದ್ಯೋಗಿಯೊಡನೆ ಅಳೆದು 1990ರಲ್ಲಿ ಪ್ರಕಟಿಸಿದರು. ಇಲ್ಲಿ ಲಕ್ಷಿಸತಕ್ಕದ್ದೇನೆಂದರೆ, ಹಿಡಿಯುವ ಜಾಗವು ಹೆಚ್ಚಾಯಿತು, ಸಿಕ್ಕ ಮೀನು ಕಡಿಮೆಯಾಯಿತು.

ಅಪೋ ಎಂಬುದು ಇನ್ನೊಂದು ದ್ವೀಪ, 74 ಹೆಕ್ಟೇರಿನದು. ಇಲ್ಲಿ ಅಲ್ಕಾಲಾ ಅವರು ಬೇರೆ ದಾರಿಯನ್ನು ಹಿಡಿದರು. ದ್ವೀಪದ ಮೀನುಗಾರರೊಡನೆ ಕುಳಿತು ಮಾತನಾಡಿದರು. ಅವರನ್ನು ಸುಮಿಲೋನಿಗೆ ಕರೆದೊಯ್ದು ಕಣ್ಣಾರೆ ತೋರಿಸಿದರು. ಸುಮಾರು ಮೂರು ವರ್ಷಗಳ ಮಾತುಕತೆಯ ಅನಂತರ, 1982ರಲ್ಲಿ 14 ಕುಟುಂಬಗಳು ಮುಂದೆ ಬಂದು ದಿಬ್ಬದ ಹತ್ತರಲ್ಲೊಂದು ಭಾಗವನ್ನು ತಾವೇ ಬಿಟ್ಟುಕೊಟ್ಟವು. ಯಾವ ಭಾಗವೆಂಬುದನ್ನು ಗೊತ್ತುಮಾಡಿದವರೂ ಅವರೇ. ಕಾವಲಿಗೆ ಹಡಗೂ ಬೇಕಾಗಲಿಲ್ಲ, ಪೊಲೀಸರೂ ಬೇಕಾಗಲಿಲ್ಲ. ದಂಡೆಯ ಮೇಲೆ ಕುಳಿತ ಒಬ್ಬನಿಗೆ ಎಲ್ಲವೂ ಕಾಣಿಸುತ್ತಿತ್ತು. 1985ರಲ್ಲಿ ಪುರಸಭೆಯು ಅದನ್ನು ನಿಯಮವನ್ನಾಗಿ ಮಾಡಿತು: ಮೊದಲು ಜನರ ಒಪ್ಪಿಗೆ, ಆ ಮೇಲೆ ಕಾಯಿದೆ. ಅಪೋದ ಮಾದರಿಯನ್ನು ನೋಡಿ ಆ ದೇಶದ ತೀರದಲ್ಲಿ ನೂರಾರು ಊರುಗಳು ತಮ್ಮ ನೀರಿನಲ್ಲಿ ಇಂಥ ಮೀಸಲುಗಳನ್ನು ಮಾಡಿಕೊಂಡವು.

ಈ ಕಥೆಗೆ ಒಂದು ಬಾಲವೂ ಇದೆ; ಅದನ್ನು ಮುಚ್ಚಿಡುವುದು ಸರಿಯಲ್ಲ. 1994ರಲ್ಲಿ ರಾಷ್ಟ್ರೀಯ ಸರಕಾರವು ಅಪೋವನ್ನು ತನ್ನ ರಕ್ಷಿತ ಪ್ರದೇಶಗಳ ಪಟ್ಟಿಯಲ್ಲಿ ಸೇರಿಸಿ, ಕಾರಭಾರವನ್ನು ಒಂದು ಮಂಡಳಿಯ ಕೈಗೆ ಒಪ್ಪಿಸಿತು. ದ್ವೀಪವಾಸಿಗಳಿಗೆ ಅದರಲ್ಲಿ ಸ್ಥಾನವಿದ್ದರೂ ಮೊದಲಿನ ಹಿಡಿತವು ಉಳಿಯಲಿಲ್ಲ. ಮುಳುಗಿ ಹವಳ ನೋಡಲು ಬರುವ ಪ್ರವಾಸಿಗಳು ಕೊಡುವ ಶುಲ್ಕವು ಮೇಲಕ್ಕೆ ಹೋಗಿ ಕೆಳಗೆ ಬರುವಷ್ಟರಲ್ಲಿ ಬಹುಕಾಲ ಹಿಡಿಯುತ್ತದೆಂದು ಅವರು ದೂರತೊಡಗಿದರು. ಚೆನ್ನಾಗಿ ನಡೆಯುತ್ತಿದ್ದುದನ್ನು ಕಂಡು ಮೆಚ್ಚಿದ ಸರಕಾರವು ಮೆಚ್ಚುಗೆಯಿಂದಲೇ ಅದನ್ನು ಕೆಡಿಸಬಲ್ಲದು. ನಮ್ಮ ದೇಶದ ಸಹಕಾರಿ ಸಂಘಗಳ ಗತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲ ಅಂಗೈಯಗಲದ ದ್ವೀಪಗಳಾದವು, ದೊಡ್ಡ ಕಡಲಿಗೆ ಈ ಪದ್ಧತಿಯು ಸಲ್ಲದೆಂದು ಯಾರಾದರೂ ಹೇಳಿದರೆ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ ಉದ್ಯಾನವನ್ನು ನೋಡಬಹುದು. 1975ರ ಕಾಯಿದೆಯಿಂದ ಹುಟ್ಟಿದ ಅದರ ವಿಸ್ತಾರವು 3,44,400 ಚದರ ಕಿಲೋಮೀಟರು. ಇಡೀ ಕರ್ನಾಟಕಕ್ಕಿಂತ ಬಹಳ ಹೆಚ್ಚಿನದು. ಅಲ್ಲಿ ಮೀನು ಹಿಡಿಯಬಾರದ ಭಾಗವನ್ನು ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದುದನ್ನು ನೂರಕ್ಕೆ ಮೂವತ್ತಮೂರಕ್ಕೆ ಏರಿಸುವಾಗ ಎರಡು ಸಲ ನಕ್ಷೆಗಳನ್ನು ಹಂಚಿ ಜನರ ಅಭಿಪ್ರಾಯವನ್ನು ಕೇಳಿದರು. ಬಂದ ಮನವಿಗಳು 31,000ಕ್ಕೂ ಹೆಚ್ಚು. ಅವುಗಳನ್ನು ಓದಿ ಗೆರೆಗಳನ್ನು ಎಷ್ಟೋ ಕಡೆ ಸರಿಸಿದರು. 2004ರ ಜುಲೈ 1ರಂದು ಹೊಸ ವಿಭಜನೆಯು ಜಾರಿಗೆ ಬಂದಿತು; ನಷ್ಟಕ್ಕೊಳಗಾದ ಮೀನುಗಾರರಿಗೂ ಉದ್ದಿಮೆದಾರರಿಗೂ ಕೊಟ್ಟ ಪರಿಹಾರವು 20 ಕೋಟಿ ಡಾಲರುಗಳನ್ನು ಮೀರಿತು. ಎಲ್ಲರೂ ಸಂತುಷ್ಟರಾದರೆಂದು ನಾವು ಹೇಳುತ್ತಿಲ್ಲ; ಮೀನುಗಾರರ ಅಸಮಾಧಾನವು ಅಲ್ಲಿ ಬಹುಕಾಲ ಉಳಿಯಿತು. ಆದರೆ ನಮ್ಮನ್ನು ಯಾರೂ ಕೇಳಲಿಲ್ಲವೆಂದು ಹೇಳಲು ಅವರಿಗೆ ಆಸ್ಪದವಿರಲಿಲ್ಲ.

ಪರದೇಶದ ಮಾತು ಸಾಕು. ನಮ್ಮ ಗುಜರಾತಿನಲ್ಲಿ ನಡೆದ ಸಂಗತಿಯು ನಮಗೆ ಹೆಚ್ಚು ಹತ್ತಿರದ್ದು. ಸೌರಾಷ್ಟ್ರದ ತೀರಕ್ಕೆ ವರ್ಷವರ್ಷವೂ ಬರುವ ತಿಮಿಂಗಿಲ ಶಾರ್ಕ್ ಎಂಬ ಮಹಾಮತ್ಸ್ಯವನ್ನು ಅದರ ಯಕೃತ್ತಿನ ಎಣ್ಣೆಗಾಗಿ ಅಲ್ಲಿಯವರು ಕೊಲ್ಲುತ್ತಿದ್ದರು. ಆ ಎಣ್ಣೆಯನ್ನು ದೋಣಿಗಳಿಗೆ ಸವರುತ್ತಿದ್ದರು. 2001ರಲ್ಲಿ ಕಾಯಿದೆಯು ಅದಕ್ಕೆ ಹುಲಿಯಷ್ಟೇ ರಕ್ಷಣೆಯನ್ನು ಕೊಟ್ಟಿತು. ಆದರೆ ಆ ಮೀನು ತಾನಾಗಿ ಬಲೆಗೆ ಬಿದ್ದಾಗ ಬಡವನು ಏನು ಮಾಡಬೇಕು? ಸಾವಿರಾರು ರೂಪಾಯಿಗಳ ಬಲೆಯನ್ನು ಕೊಯ್ದು ಅದನ್ನು ಬಿಡಬೇಕೆಂದು ಯಾವ ಬಾಯಿಂದ ಹೇಳುವುದು? 2004ರಲ್ಲಿ ಆರಂಭವಾದ ಚಳವಳಿಯಲ್ಲಿ ರಾಮಕಥೆಯ ಪ್ರವಚನಕಾರರಾದ ಮೊರಾರಿ ಬಾಪು ಅವರು ಮೀನುಗಾರರ ಮುಂದೆ ನಿಂತು, ಈ ಮೀನು ಹೆರಿಗೆಗಾಗಿ ತವರಿಗೆ ಬರುವ ಮಗಳು, ಅವಳನ್ನು ಕೊಲ್ಲುವಿರಾ ಎಂದು ಕೇಳಿದರು. ಅದಕ್ಕೆ ‘ವ್ಹಾಲಿ’, ಅಂದರೆ ಪ್ರೀತಿಯವಳು, ಎಂದು ಹೆಸರಾಯಿತು. ಬರಿಯ ಮಾತಿನಿಂದ ಹೊಟ್ಟೆ ತುಂಬುವುದಿಲ್ಲವೆಂಬುದನ್ನು ಸರಕಾರವೂ ಮನಗಂಡು, ಕೊಯ್ದ ಬಲೆಗೆ ಪರಿಹಾರವನ್ನು ಕೊಡತೊಡಗಿತು. ಬಲೆ ಕೊಯ್ದು ಬಿಟ್ಟುದಕ್ಕೆ ಸಾಕ್ಷಿಯೇನೆಂಬ ಪ್ರಶ್ನೆ ಬಂದಾಗ ಮೀನುಗಾರನ ಕೈಗೇ ಕ್ಯಾಮರಾವನ್ನು ಕೊಟ್ಟರು. ಅವನು ತೆಗೆದ ಚಿತ್ರವೇ ದಾಖಲೆಯಾಯಿತು. ಹೀಗೆ ನೂರಾರು ಮೀನುಗಳು ಬಿಡುಗಡೆ ಹೊಂದಿವೆ. ಮೀನುಗಾರನ ಮಾತನ್ನು ನಂಬಿದ್ದೇ ಇಲ್ಲಿಯ ವಿಶೇಷ.

ಒಡಿಶಾದ ಗಹಿರಮಥಾದಲ್ಲಿ 1997ರಲ್ಲಿ ಆಮೆಗಳಿಗಾಗಿ 1,435 ಚದರ ಕಿಲೋಮೀಟರಿನ ಕಡಲಧಾಮವಾಯಿತು. ನವೆಂಬರಿನಿಂದ ಮೇ ಕೊನೆಯವರೆಗೆ ಅಲ್ಲಿಯ ನೀರಿನಲ್ಲಿ ಮೀನುಗಾರಿಕೆಯ ನಿಷೇಧವುಂಟು. ಏಳು ತಿಂಗಳು! ಅಲ್ಲಿ ಬಂಧನ, ದೋಣಿಗಳ ಜಪ್ತಿ, ಜಗಳಗಳ ವಾರ್ತೆಯು ವರ್ಷಂಪ್ರತಿ ಬರುತ್ತದೆ. ಅದೇ ರಾಜ್ಯದ ಋಷಿಕುಲ್ಯಾ ನದಿಯ ಮುಖದಲ್ಲಿ ಊರಿನ ಯುವಕರೇ ಸಂಘ ಕಟ್ಟಿಕೊಂಡು ಮೊಟ್ಟೆಗಳಿಗೆ ಕಾವಲಿರುತ್ತಾರೆ.

ನಮ್ಮ ಉತ್ತರ ಕನ್ನಡಕ್ಕೆ ಈ ವಿಷಯದಲ್ಲಿ ಸ್ವಂತದ ಅನುಭವವೂ ಉಂಟು. 1930ರ ಏಪ್ರಿಲಿನಲ್ಲಿ ಅಂಕೋಲೆಯ ದಂಡೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಜನರು, ಸಮುದ್ರವು ಕೊಟ್ಟದ್ದು ಸಮುದ್ರತೀರದವರಿಗೆ ಸೇರಿದ್ದೆಂದು ಸಾರಿದರು. ಅದೇ ಜಿಲ್ಲೆಯ ಜನರು ಅರಣ್ಯದ ಕಾಯಿದೆಯ ವಿರುದ್ಧವೂ ಸತ್ಯಾಗ್ರಹ ಹೂಡಿದರು. ಪರಕೀಯ ಸರಕಾರವು ಕಾಡನ್ನು ತನ್ನದೆಂದು ಬರೆದುಕೊಂಡು, ಸೊಪ್ಪು ಕಡಿಯುವವನನ್ನೂ ದನ ಮೇಯಿಸುವವನನ್ನೂ ಅಪರಾಧಿಯನ್ನಾಗಿ ಮಾಡಿ, ಮರಗಳನ್ನು ಮಾತ್ರ ರೈಲಿನ ಹಳಿಗೂ ಹಡಗಿಗೂ ಸಾಗಿಸಿತು. ಕಾಡನ್ನು ಕಾಯಬೇಕಾದ ಹಳ್ಳಿಗನು ಅಂದಿನಿಂದ ಗಾರ್ಡನನ್ನು ಕಂಡು ಓಡುವವನಾದನು. ಸ್ವರಾಜ್ಯವು ಬಂದು ಇಷ್ಟು ವರ್ಷಗಳಾದರೂ ಆ ಓಟವು ಪೂರ್ತಿ ನಿಂತಿಲ್ಲ. ಕಾಡಿನಲ್ಲಿ ಪರಕೀಯರು ಮಾಡಿದ ತಪ್ಪನ್ನು ಕಡಲಿನಲ್ಲಿ ನಮ್ಮವರೇ ಮಾಡಬಾರದೆಂಬುದು ನಮ್ಮ ಕಳಕಳಿಯ ಬಿನ್ನಹ. ಕಾಡಿನಲ್ಲಾದರೋ ಬೇಲಿ ಹಾಕಬಹುದು, ಕಂದಕ ತೋಡಬಹುದು. ನೀರಿಗೆ ಬೇಲಿಯುಂಟೇ? ಐದು ಸಾವಿರ ಹೆಕ್ಟೇರು ನೀರನ್ನು ರಾತ್ರಿಯೂ ಹಗಲೂ ಕಾಯಲು ಅರಣ್ಯ ಇಲಾಖೆಯಲ್ಲಿ ಎಷ್ಟು ದೋಣಿಗಳಿದ್ದರೆ ಸಾಕಾದೀತು? ದೀಪ ಹಚ್ಚಿಕೊಂಡು ಬಂದ ಪರಸ್ಥಳದ ದೋಣಿಯನ್ನು ಮೊದಲು ಕಾಣುವವನು ಅಲ್ಲಿಯೇ ಬಲೆ ಬಿಟ್ಟು ಕುಳಿತವನು. ಅವನಿಗೆ ಧಾಮವು ತನ್ನದೆಂದು ತೋರಿದರೆ ಸುದ್ದಿ ಕೊಡುವನು. ತನ್ನ ಮೇಲೆ ಹೇರಿದ್ದೆಂದು ತೋರಿದರೆ ತಲೆ ತಿರುಗಿಸುವನು.

ಹಾಗಾದರೆ ಏನಾಗಬೇಕು? ಕಾಯಿದೆಯಲ್ಲಿಯೇ ಸ್ವಲ್ಪ ದಾರಿಯುಂಟು. 2003ರ ತಿದ್ದುಪಡಿಯಿಂದ ಬಂದ 33ಬಿ ಕಲಮಿನಂತೆ ಪ್ರತಿ ಧಾಮಕ್ಕೂ ಸಲಹಾ ಸಮಿತಿಯೊಂದು ಇರಬೇಕು. ಸುತ್ತಲಿನ ಜನರನ್ನು ಕಾರ್ಯದಲ್ಲಿ ಸೇರಿಸಿಕೊಳ್ಳುವ ಬಗೆಗೂ ಅದು ಸಲಹೆ ಕೊಡಬೇಕು. ಅದರಲ್ಲಿ ಆ ಕ್ಷೇತ್ರದ ಶಾಸಕರಿದ್ದಾರೆ, ಪಂಚಾಯತಿಗಳ ಮೂವರು, ಸಂಸ್ಥೆಗಳ ಇಬ್ಬರು, ವನ್ಯಜೀವಿಪ್ರೇಮಿಗಳು ಮೂವರು; ಗೃಹ ಇಲಾಖೆಯವರಿದ್ದಾರೆ, ಪಶುವೈದ್ಯ ಇಲಾಖೆಯವರೂ ಇದ್ದಾರೆ. ಮೀನುಗಾರಿಕೆಯ ಇಲಾಖೆಯ ಹೆಸರಿಲ್ಲ. ಮೀನುಗಾರನ ಹೆಸರಂತೂ ಇಲ್ಲ. ಕಡಲಿನಲ್ಲಿ ದನದ ಡಾಕ್ಟರರಿಗೆ ಏನು ಕೆಲಸವೆಂದು ವಾಚಕರು ನಗಬಹುದು. ಕಾಡಿಗೆ ಹೊಲಿದ ಅಂಗಿಯನ್ನು ಕಡಲಿಗೆ ತೊಡಿಸಿದರೆ ಹೀಗೆಯೇ ಆಗುವುದು. ಆದರೂ ಈ ಅಂಗಿಯನ್ನೇ ಸರಿಪಡಿಸಿಕೊಳ್ಳಬಹುದು. ಪಂಚಾಯತಿಗಳ ಮೂರು ಸ್ಥಾನಗಳನ್ನು ದಂಡೆಯ ಊರುಗಳ ದುಡಿಯುವ ಮೀನುಗಾರರಿಗೇ ಕೊಡುವುದಕ್ಕೆ ಅಡ್ಡಿಯೇನು? ಮೂವರಲ್ಲಿ ಒಬ್ಬಳು ಮೀನು ಮಾರುವ ಅಥವಾ ಚಿಪ್ಪಿಕಲ್ಲು ಆರಿಸುವ ಹೆಂಗಸಾಗಿರಲಿ. ಅಳಿವೆಯ ಕೆಸರಿನಲ್ಲಿ ಏನು ಕಡಿಮೆಯಾಯಿತೆಂಬುದನ್ನು ಅವಳ ಬೆರಳುಗಳು ಎಲ್ಲರಿಗಿಂತ ಮೊದಲು ಅರಿಯುತ್ತವೆ. ಸಮಿತಿಯ ಸಲಹೆಯನ್ನು ಇಲಾಖೆಯು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂಬುದನ್ನು ಕನ್ನಡದಲ್ಲಿ ಬರೆದು ಪಂಚಾಯತಿಯ ಬಾಗಿಲಿಗೆ ಹಚ್ಚಬೇಕು. ಧಾಮದ ಎಲ್ಲೆಯನ್ನು ಮಾರುಗಳ ಲೆಕ್ಕದಲ್ಲಿಯೂ ಗುಡ್ಡದ ಗುರುತುಗಳಲ್ಲಿಯೂ ಹೇಳಿ, ನೀರಿನ ಮೇಲೆ ತೇಲುಬುರುಡೆಗಳನ್ನು ಕಟ್ಟಬೇಕು. ಯಾವ ಮೂಲೆಯಲ್ಲಿ ಪೂರ್ಣ ನಿಷೇಧ, ಎಲ್ಲಿ ಕೈಬಲೆಗೆ ಅವಕಾಶ, ಆಮೆಗಳ ಕಾಲದಲ್ಲಿ ಎಷ್ಟು ವಾರ ಬಿಡುವು ಎಂಬುದನ್ನು ಅಪೋದವರಂತೆ ಅವರೇ ಕುಳಿತು ಮೊದಲು ಸೂಚಿಸಲಿ; ವಿಜ್ಞಾನಿಗಳು ಅದನ್ನು ಪರೀಕ್ಷಿಸಲಿ.

2022ರಲ್ಲಿ ತಮಿಳುನಾಡಿನ ಸರಕಾರವು ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರನ್ನು ಕಡಲಹಸುವಿಗಾಗಿ ಕಾದಿಟ್ಟಾಗ, ಧಾಮವೆಂದಲ್ಲ, ಸಂರಕ್ಷಣಾ ಮೀಸಲು ಎಂಬ ಬೇರೆ ಹೆಸರಿನಲ್ಲಿ ಕಾದಿಟ್ಟಿತು. ಈ ಬಗೆಯ ಮೀಸಲಿಗೆ ಸ್ಥಳೀಯ ಜನರೊಡನೆ ಮೊದಲೇ ಸಮಾಲೋಚಿಸಬೇಕೆಂದೂ, ಅದರ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮಪಂಚಾಯತಿಯ ಪ್ರತಿನಿಧಿಯಿರಬೇಕೆಂದೂ ಕಾಯಿದೆಯಲ್ಲಿಯೇ ಇದೆ. ಮುಂದೆ ನಮ್ಮ ತೀರದಲ್ಲಿ ಇನ್ನೊಂದು ಕಡೆ ರಕ್ಷಣೆಯ ಗೆರೆಯನ್ನು ಎಳೆಯುವಾಗ ಸರಕಾರವು ಈ ದಾರಿಯನ್ನು ಮೊದಲು ನೋಡಬೇಕು.

ಪ್ರಜೆಗಳೆಂದರೆ ಯಾರೆಂಬುದರಲ್ಲಿಯೂ ಎಚ್ಚರಿಕೆ ಬೇಕು. ಸ್ಥಾನಗಳನ್ನು ತೆರೆದೊಡನೆ ಮುಂದಿನ ಕುರ್ಚಿಗಳಲ್ಲಿ ಬಂದು ಕುಳಿತುಕೊಳ್ಳುವವರು ದೊಡ್ಡ ದೋಣಿಗಳ ಒಡೆಯರು, ವಸತಿಗೃಹಗಳ ಮಾಲಕರು ಮತ್ತು, ಸಂಕೋಚವಿಲ್ಲದೆ ಹೇಳುತ್ತೇವೆ, ನಮ್ಮಂತೆ ಇಸ್ತ್ರಿಯ ಅಂಗಿ ತೊಟ್ಟ ಪಟ್ಟಣದವರು. ಪಟ್ಟಣದವರಿಗೆ ಈ ವಿಷಯದಲ್ಲಿ ಹಕ್ಕಿಗಿಂತ ಋಣವೇ ಹೆಚ್ಚು. ನಮ್ಮ ಗಟಾರದ ನೀರೂ ಪ್ಲಾಸ್ಟಿಕಿನ ರಾಶಿಯೂ ಹೊಳೆ ಹಿಡಿದು ಹೋಗಿ ಸೇರುವುದು ಅವನ ಬಲೆಯನ್ನೇ.

ಇನ್ನೊಂದು ಮಾತನ್ನು ಆಡದೆ ಬಿಡುವಂತಿಲ್ಲ. ಇದೇ ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆಯನ್ನು ಮೀನುಗಾರರು ಅನೇಕ ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ಆ ಮರಳಿನಲ್ಲಿಯೂ ಆಮೆಗಳು ಮೊಟ್ಟೆಯಿಡುತ್ತವೆ. ಅದೇ ಕಾಸರಕೋಡದ ದಂಡೆಗೆ 2020ರಲ್ಲಿ ಶುಚಿತ್ವದ ನೀಲಿ ಬಾವುಟವೂ ದೊರೆತಿತ್ತು. ಬಂದರು ಬೇಕೋ ಬೇಡವೋ ಎಂಬ ವಾದಕ್ಕೆ ನಾವು ಇಂದು ಕೈಹಾಕುವುದಿಲ್ಲ. ಆದರೆ ಆಮೆಯ ಹೆಸರಿನಲ್ಲಿ ಪಾತಿದೋಣಿಯನ್ನು ತಡೆಯುವ ಸರಕಾರವು ಅದೇ ಆಮೆಯ ಎದುರಿನಲ್ಲಿ ದೊಡ್ಡ ಹಡಗಿಗೆ ದಾರಿ ಮಾಡಿಕೊಟ್ಟಿತೆಂದು ಜನರಿಗೆ ತೋರಿದ ದಿನ, ಯಾವ ಸಮಿತಿಯಿಂದಲೂ ಧಾಮವನ್ನು ಉಳಿಸಲಾಗದು. ನಿರ್ಬಂಧವು ಎಲ್ಲರಿಗೂ ಸಮನಾಗಿರಲಿ, ಮೇಲಿನಿಂದ ಆರಂಭವಾಗಲಿ.

ಈ ಕೆಲಸಕ್ಕೆ ಕಾಲವು ತಾನಾಗಿಯೇ ಗೊತ್ತಾಗಿದೆ. ಜೂನ್ 1ಕ್ಕೆ ಯಂತ್ರದೋಣಿಗಳು ದಡಕ್ಕೆ ಬರುತ್ತವೆ. ಮಳೆಯಲ್ಲಿ ನಾಡದೋಣಿಯವರೂ ಕಡಲು ಶಾಂತವಿದ್ದ ದಿನ ಮಾತ್ರ ಇಳಿಯುತ್ತಾರೆ. ಎರಡು ತಿಂಗಳು ಗಂಡಸರು ಚಪ್ಪರದ ಕೆಳಗೆ ಬಲೆ ಹೆಣೆಯುತ್ತ ಊರಿನಲ್ಲಿಯೇ ಇರುತ್ತಾರೆ. ಜಿಲ್ಲಾಧಿಕಾರಿಗಳೂ ಅರಣ್ಯಾಧಿಕಾರಿಗಳೂ ಆ ದಿನಗಳಲ್ಲಿ ದಂಡೆಯ ಒಂದೊಂದು ಊರಿಗೂ ಹೋಗಿ, ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಮಾತನಾಡಬಲ್ಲವರನ್ನು ಜೊತೆಗೆ ಕರೆದುಕೊಂಡು, ನಕ್ಷೆಯನ್ನು ನೆಲದ ಮೇಲೆ ಹಾಸಿ ಕುಳಿತುಕೊಳ್ಳಲಿ. ಹೊತ್ತು ಮಾತ್ರ ಮಧ್ಯಾಹ್ನ ಮೂರು ಗಂಟೆಯ ಮೇಲಿರಲಿ. ಮೀನಿನ ಬುಟ್ಟಿ ಹೊತ್ತ ಹೆಂಗಸರು ಪೇಟೆಯಿಂದ ಮನೆಗೆ ತಿರುಗುವುದು ಅದಕ್ಕೆ ಮುಂಚೆ ಆಗುವುದಿಲ್ಲ.